ಬೇವು ಮೊದಲು ತಂಗಿಗೇ ಕಂಡಿತು

ಕೊಂಡಜ್ಜಿ ಹಳ್ಳಿಯಲ್ಲಿರುವ ನನ್ನ ತಂಗಿಯ ಮೇಲೆ ನನಗೆ ಹೊಟ್ಟೆಕಿಚ್ಚು. ಸೀರೆ, ಒಡವೆಯ ವಿಷಯಕ್ಕಾದರೆ ಹೇಗೋ ಸಮಾಧಾನ ಮಾಡಿಕೊಳ್ಳಬಹುದಿತ್ತು. ಕಾಲ ಬದಲಾಗುವುದು ಅವಳಿಗೇ ಮೊದಲು ಗೊತ್ತಾಗುತ್ತದೆ. "ಅಕ್ಕಾ, ಕೆರೆಗೆ ಹಕ್ಕಿ ಬಂದಾವೆ", "ಅಕ್ಕಾ, ಹುಣಸೆ ಮರ ಚಿಗುರೈತೆ" ಎಂದು ಫೋನು ಮಾಡುತ್ತಾಳೆ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿರುವ ನನಗೆ ಬೇಸಿಗೆ ಬಂದದ್ದು ತಿಳಿಯುವುದು ಫ್ಯಾನು ಹಾಕಿದಾಗಲೇ.

ಯುಗಾದಿಯ ಬೇವು-ಬೆಲ್ಲಕ್ಕೆ ಬೇವಿನ ಹೂವೂ ಅವಳ ಹಿತ್ತಲಿನಿಂದಲೇ ಬರಬೇಕು. ಹಬ್ಬದ ಬಟ್ಟೆಗೆಂದು ದಾವಣಗೆರೆಗೆ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತಾಳೆ. ಪ್ರೀತಿಯಿಂದಲೇ ಕೊಡುತ್ತಾಳೆ, ಅದೇ ನನಗೆ ಸಹಿಸಲಾಗದ್ದು. ಆ ಉರಿಗೇ ಗೇಟಿನ ಪಕ್ಕ ಬೇವಿನ ಸಸಿ ನೆಟ್ಟೆ. ಮಹಡಿಯೆತ್ತರ ಬೆಳೆಯಿತು, ನೆರಳು ಕೊಟ್ಟಿತು, ಹೂ ಮಾತ್ರ ಬಿಡಲಿಲ್ಲ. ಒಂದು ವರ್ಷವಾದರೂ ನಾನೇ ಫೋನು ಮಾಡಿ, "ಈ ಸಲ ಹೂ ತರಬ್ಯಾಡ, ನಮ್ಮನ್ಯಾಗೇ ಐತೆ" ಅನ್ನಬೇಕೆಂದು ಆಸೆಯಿತ್ತು.

ಈ ವರ್ಷ ಹಬ್ಬದ ಮುಂಚೆ ಬಾಗಿಲು ಗುಡಿಸುವುದೇ ದೊಡ್ಡ ರಗಳೆಯಾಗಿತ್ತು. ದಿನಾ ಬೆಳಿಗ್ಗೆ ನೆಲದ ಮೇಲೆ ಬೆಳ್ಳಗೆ ಪುಡಿ. ನಿನ್ನೆಯ ರಂಗೋಲಿಯೇ ಗಾಳಿಗೆ ಹರಡಿದೆ ಎಂದುಕೊಂಡೆ. ಕಳಪೆ ಪುಡಿ ಕೊಟ್ಟನೆಂದು ಅಂಗಡಿಯವನನ್ನು ಬಯ್ಯುತ್ತ ಗುಡಿಸಿ, ನೀರು ಹಾಕಿ, ಮತ್ತೆ ರಂಗೋಲಿ ಬಿಡುತ್ತಿದ್ದೆ.

ಹಬ್ಬದ ಹಿಂದಿನ ದಿನ ತಂಗಿ ಆಟೋ ಇಳಿದಾಗಲೂ ನನ್ನ ಕೈಯಲ್ಲಿ ಪೊರಕೆಯಿತ್ತು. ಹೂವಿನ ಗಂಟು ಹಿಡಿದವಳು ಗೇಟಿನ ಬಳಿಯೇ ನಿಂತು ಮೇಲೆ ನೋಡಿದಳು.

"ಅಕ್ಕಾ, ಗಿಡದ ತುಂಬ ಹೂ ಐತಲ್ಲ. ಫೋನಿನಾಗೆ ಹೇಳಬಾರದಾ? ಸುಮ್ನೆ ಹೊತ್ಕಂಡು ಬಂದೆ."

ನಾನೂ ತಲೆ ಎತ್ತಿದೆ. ಎಲೆಗಳ ನಡುವೆ ಸಣ್ಣ ಬಿಳಿ ಗೊಂಚಲು, ನೋಡಿದಷ್ಟೂ ಇದ್ದವು. ಎಷ್ಟು ದಿನದಿಂದ ಉದುರುತ್ತಿತ್ತೋ.

"ಹೇಳೋದು ಮರ್ತೆ ಬಿಡು" ಎಂದೆ.

ಅವಳು ಪೊರಕೆ ನೋಡಿದಳು, ನೆಲ ನೋಡಿದಳು, ಏನೂ ಅನ್ನಲಿಲ್ಲ. ಅಂದುಬಿಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು. ಹೊರಡುವಾಗ ಮಾತ್ರ, "ಸಂಜಿ ಮುಂದ ಬಾಗ್ಲು ತೆಗೆದಿಡಕ್ಕಾ, ಭಾಳ ಚಲೋ ವಾಸ್ನೆ ಬರ್ತೈತೆ" ಎಂದಳು.

ಸೊಳ್ಳೆ ಬರುತ್ತದೆಂದು ನಾನು ಸಂಜೆ ಬಾಗಿಲು ತೆಗೆಯುವವಳೇ ಅಲ್ಲ. ಅವತ್ತು ಅವಳ ಮಾತು ಸುಳ್ಳಾಗಲಿ ಎಂದೇ ತೆಗೆದೆ. ಜೇನಿನಂಥ ಸಿಹಿ ವಾಸನೆ ಮೆಲ್ಲಗೆ ಒಳಗೆ ಬಂದು ಪಡಸಾಲೆ, ಅಡುಗೆಮನೆ ಎಲ್ಲ ತುಂಬಿತು. ಯಾರಿಗಾದರೂ ಹೇಳಲೇಬೇಕೆನಿಸಿ ಫೋನು ಕೈಗೆತ್ತಿಕೊಂಡೆ. ಅವಳ ಹೆಸರು ಒತ್ತುವ ಮುಂಚೆ ನೆನಪಾಯಿತು, ಅವಳಿಗೆ ಇದು ಗೊತ್ತೇ ಇದೆ.