ಪೇಟಿ ಮುಂದಿನ ಜಾಗ

ನಮ್ಮ ದೊಡ್ಡಪ್ಪ ಸೋಮವಾರದ ಭಜನೆ ಬಿಟ್ಟದ್ದು ಮೊಳಕಾಲಿನ ಸಲುವಾಗಿ ಅಂತ ಓಣಿಯವರೆಲ್ಲ ತಿಳಿದುಕೊಂಡಿದ್ದರು. ಪಾಪ, ಮೊಳಕಾಲಿನದೇನೂ ತಪ್ಪಿಲ್ಲ. ಅದು ಎಷ್ಟೋ ವರ್ಷದಿಂದ ಅದರ ಪಾಡಿಗೆ ನೋಯುತ್ತಿತ್ತು, ಇವರು ಇವರ ಪಾಡಿಗೆ ಪೇಟಿ ಬಾರಿಸುತ್ತಿದ್ದರು. ನಡುವೆ ಬಾಯಿ ಹಾಕಿದವನು ನಾನು.

ಪೇಟಿಯೆಂದರೆ ನಮ್ಮ ಕಡೆ ಹಾರ್ಮೋನಿಯಂ. ಶಲವಡಿಯ ನಮ್ಮ ಓಣಿಯ ಗುಡಿಯಲ್ಲಿ ಸೋಮವಾರ ದೀಪ ಹಚ್ಚುವ ಹೊತ್ತಿಗೆ ಪಡಸಾಲೆಗೆ ಜಮಖಾನ ಹಾಸುತ್ತಾರೆ. ಪೇಟಿಯ ಮುಂದಿನ ಜಾಗ ದೊಡ್ಡಪ್ಪನದು. ನಾನು ಹುಟ್ಟುವ ಮೊದಲಿನಿಂದಲೂ ಅವರದೇ. ಅಲ್ಲಿ ಜಮಖಾನದ ಬಣ್ಣವೂ ಅವರ ತೊಡೆಯಗಲ ಮಾಸಿದೆ.

ನನ್ನದು ಗೊಬ್ಬರದ ಅಂಗಡಿಯಲ್ಲಿ ಚೀಲ ಎತ್ತಿಕೊಡುವ ಕೆಲಸ. ಆದರೆ ಊರವರಿಗೆ ನಾನು ಗೊತ್ತಿರುವುದು ಅಣಕಿಸುವವನು ಅಂತ. ಕಂಡಕ್ಟರ್ ಸೀಟಿ ಊದುವುದು, ಪಂಚಾಯ್ತಿ ಸಾಹೇಬರು ಕೆಮ್ಮಿ ಕೆಮ್ಮಿ ಭಾಷಣ ಶುರುಮಾಡುವುದು, ಮರಿ ಕಳೆದುಕೊಂಡ ಆಡು ಕೂಗುವುದು. ನನ್ನನ್ನೂ ನಾನು ಬಿಟ್ಟವನಲ್ಲ. ಹೆಣ್ಣು ನೋಡಲು ಹೋದಾಗ ಹೊಟ್ಟೆ ಒಳಗೆ ಎಳೆದುಕೊಂಡು ಕೂತವನು, ಚುರುಮುರಿ ಬಂದ ಕೂಡಲೇ ಅದನ್ನು ಮರೆತು ಹೊರಗೆ ಬಿಟ್ಟದ್ದನ್ನು ಮಾಡಿ ತೋರಿಸಿದರೆ ನಮ್ಮವ್ವ ಇವತ್ತಿಗೂ ಸೆರಗು ಬಾಯಿಗೆ ಹಿಡಿಯುತ್ತಾಳೆ.

ಒಂದು ದಿನ ಚಹಾದಂಗಡಿಯಲ್ಲಿ ದೊಡ್ಡಪ್ಪ ಭಜನೆ ಮುಗಿಸಿ ಏಳುವುದನ್ನು ಮಾಡಿದೆ. ಎಡಗೈ ಪೇಟಿಯ ಮೇಲೆ, ಬಲಗೈ ಬಾಜೂದವರ ಹೆಗಲ ಮೇಲೆ. ಆಮೇಲೆ ಕುಂಡಿ ಮೇಲೆ, ತಲೆ ಕೆಳಗೆ. ಹೊಲದಲ್ಲಿ ಏನೋ ಕಳೆದುಕೊಂಡು ಹುಡುಕುವವರಂತೆ ಒಂದು ಗಳಿಗೆ ಹಾಗೇ. ಆಮೇಲೆ ಒಂದೊಂದೇ ಕೀಲು ಬಿಚ್ಚಿದಂತೆ ‘ಯಪ್ಪಾ’, ‘ಯವ್ವಾ’, ‘ಶಿವನ’. ನಾನು ಅದಕ್ಕೆ ಸ್ವರ ಬೇರೆ ಹಚ್ಚಿದೆ. ಟೊಂಕಕ್ಕೆ ಸಾ, ಎಡ ಮೊಳಕಾಲಿಗೆ ರಿ, ಬಲ ಮೊಳಕಾಲಿಗೆ ಗ. ಹೀಗೆ ಏರಿಸುತ್ತ ನೆಟ್ಟಗೆ ನಿಂತಾಗ ಮಂದಿ ಬೆಂಚು ಬಡಿದು ನಕ್ಕರು. ನಗದವರು ಒಬ್ಬರೇ. ಅವರು ನನ್ನ ಬೆನ್ನ ಹಿಂದೆ ಕಾಯಿಪಲ್ಲೆಯ ಚೀಲ ಹಿಡಿದು ನಿಂತಿದ್ದರು.

“ಮ್ಯಾಲಿನ ಸಾ ಮುಟ್ಟಲಿಲ್ಲ ನೀ,” ಅಂದರು ದೊಡ್ಡಪ್ಪ. “ಹಂಗ ಚಲೋ ಮಾಡ್ತಿ.”

ಮುಂದಿನ ಸೋಮವಾರ ಅವರು ಗುಡಿಗೆ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ನಾನು ಅವರ ಮನೆಗೆ ಹೋಗಿ ಬಾಗಿಲಲ್ಲಿ ನಿಂತರೆ ದೊಡ್ಡವ್ವ ಜ್ವಾಳ ಹಸನು ಮಾಡುತ್ತ, ತಲೆ ಎತ್ತದೆ ಹೇಳಿದಳು: “‘ಮಂದಿ ನಾ ಏಳೂದು ನೋಡಾಕ ಬರ್ತಾರ, ಭಜನಿ ಕೇಳಾಕ ಅಲ್ಲ’ ಅಂತಾರಪಾ ನಿಮ್ಮ ದೊಡ್ಡಪ್ಪ. ಪೇಟಿಗೆ ಅರಿವಿ ಹೊಚ್ಚಿ ಇಟ್ಟಾರ.”

ಅರಿವೆ ಹೊಚ್ಚಿದ ಪೇಟಿ ಮನೆಯ ಪಡಸಾಲೆಯ ಮೂಲೆಯಲ್ಲಿತ್ತು. ದೊಡ್ಡಪ್ಪ ಅದರ ಕಡೆ ಬೆನ್ನು ಮಾಡಿ ಕೂತು ನೋವಿನ ಗುಳಿಗೆಯ ಪಾಕೀಟಿನ ಜೊತೆ ಗುದ್ದಾಡುತ್ತಿದ್ದರು. ಉಗುರಿನಿಂದ ಒತ್ತಿದರು, ಹಲ್ಲಿನಿಂದ ಕಚ್ಚಿದರು. ಗುಳಿಗೆ ಒಮ್ಮೆಲೆ ಹಾರಿ ಕಪಾಟಿನ ಕೆಳಗೆ ಹೋಯಿತು. ಅದನ್ನು ಬಗ್ಗಿ ತೆಗೆಯಬೇಕಾದರೆ ಮೊಳಕಾಲು ನೋಯಬಾರದು, ಮೊಳಕಾಲು ನೋಯಬಾರದಾದರೆ ಆ ಗುಳಿಗೆ ಬೇಕು. ದೊಡ್ಡಪ್ಪ ಕಪಾಟನ್ನು ನೋಡಿದರು, ನನ್ನನ್ನು ನೋಡಿದರು. ನಾನು ಬಗ್ಗಿ ತೆಗೆದುಕೊಟ್ಟೆ.

ಗುಡಿಯಲ್ಲಿ ಅವರಿಲ್ಲದ ಭಜನೆ ನಡೆಯಿತು. ತಾಳ ಹಾಕುವ ಹಿರಿಯರು ನಮ್ಮ ಮೇಳಕ್ಕೆ ಯಜಮಾನರಿದ್ದಂತೆ. ಅವರು ಮೊಬೈಲಿನಲ್ಲಿ ಶ್ರುತಿ ಹಚ್ಚಿಸಿದರು. ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಯಾರೋ ಫೋನ್ ಮಾಡಿ, ಶ್ರುತಿ ನಿಂತು ರಿಂಗಿನ ಹುಂಜ ಕೂಗಿತು. ಯಾರೂ ನಗಲಿಲ್ಲ. ನಗಿಸಬೇಕಾದವನಿಗೂ ನಗು ಬರಲಿಲ್ಲ.

ಇಷ್ಟಾದರೂ ಬುದ್ಧಿ ಬಂತೆಂದು ತಿಳಿಯಬೇಡಿ. ವಾರದೊಳಗೆ ಅಂಗಡಿಗೆ ಬಂದ ರೈತರು ‘ಒಂದ ಸಲ ನಿಮ್ಮ ದೊಡ್ಡಪ್ಪನ್ನ ಮಾಡಿ ತೋರಸೋ’ ಅಂದರು. ಒಲ್ಲೆ ಅಂದೆ. ಇನ್ನೊಮ್ಮೆ ಅಂದರು, ಮಾಡಿದೆ. ಎಡಗೈ ಯೂರಿಯಾ ಚೀಲದ ಮೇಲೆ, ಬಲಗೈ ಗಿರಾಕಿಯ ಹೆಗಲ ಮೇಲೆ, ಕುಂಡಿ ಮೇಲೆ, ತಲೆ ಕೆಳಗೆ. ಅಲ್ಲೇ ಟೊಂಕ ಹಿಡಿಯಿತು. ಯಾರೋ ಒಳಗಿಂದ ಚಿಲಕ ಹಾಕಿದಂತೆ. ‘ಯಪ್ಪಾ’ ಅಂದೆ, ಚಪ್ಪಾಳೆ ಬಿತ್ತು. ‘ಯವ್ವಾ, ಖರೇನ ಹಿಡದೈತ್ರೀ’ ಅಂದೆ. ಇನ್ನೂ ಜೋರು ಚಪ್ಪಾಳೆ. ಕಣ್ಣಲ್ಲಿ ನೀರು ಬಂದ ಮೇಲೆ ಒಬ್ಬರು, “ಏ, ಇಷ್ಟ ಚಲೋ ಅಂವಾ ಎಂದೂ ಮಾಡಿದ್ದಿಲ್ಲ ಬಿಡ್ರಿ,” ಅಂದರು. ಕೊನೆಗೆ ನನ್ನನ್ನು ಹಾಗೇ ಬಾಗಿದಂತೆಯೇ ಟಂಟಂ ಗಾಡಿಯಲ್ಲಿ ಹೇರಿ ಮನೆಗೆ ಕಳಿಸಿದರು.

ದೊಡ್ಡವ್ವ ಅಂದಳು: “ಇಬ್ರೂ ಕೂಡಿ ನವಲಗುಂದಕ್ಕ ಹೋಗಿ ತೋರಿಸಿಕೊಂಡ ಬರ್ರಿ. ಒಬ್ಬೊಬ್ಬರನ್ನ ನೋಡಿ ನೋಡಿ ನನಗ ಸಾಕಾಗೈತಿ.”

ಬಸ್ಸಿನ ಮೆಟ್ಟಿಲು ಅಷ್ಟೆತ್ತರ ಅಂತ ನನಗೆ ಅವತ್ತೇ ಗೊತ್ತಾದದ್ದು. ದೊಡ್ಡಪ್ಪ ಕಂಬಿ ಹಿಡಿದು ಕಾಲಿಡುವಷ್ಟರಲ್ಲಿ ಕಂಡಕ್ಟರ್ ಒಳಗಿಂದ ಕೂಗಿದ: “ಅಜ್ಜಾರ, ನೀವು ತಡೀರಿ. ಮೊದಲ ಆ ಮುದುಕನ್ನ ಹತ್ತಿಸಿಕೊಳ್ಳೂಣು.” ಮುದುಕ ಅಂದರೆ ನಾನು. ದೊಡ್ಡಪ್ಪ ಬಾಜೂಕ್ಕೆ ಸರಿದು, ಬಹಳ ಮರ್ಯಾದೆಯಿಂದ ನನಗೆ ದಾರಿ ಬಿಟ್ಟರು. ಎಷ್ಟೋ ದಿನದ ಮೇಲೆ ಅವರ ಮೀಸೆ ಅಲ್ಲಾಡಿದ್ದು ಕಂಡೆ.

ದವಾಖಾನೆಯಲ್ಲಿ ವ್ಯಾಯಾಮ ಕಲಿಸುವವಳು ನನ್ನ ವಾರಿಗೆಯ ಹುಡುಗಿ. ದೊಡ್ಡಪ್ಪನನ್ನು ಮಲಗಿಸಿ, ಮೊಳಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, “ಇದನ್ನ ಕೆಳಗ ಒತ್ರಿ ಅಜ್ಜಾರ,” ಅಂದಳು. ಒತ್ತಿದರು. “ಬಿಡ್ರಿ.” ಬಿಟ್ಟರು.

“ಮುಂದ?”

“ಇಷ್ಟ ನೋಡ್ರಿ.”

“ಟಾವೆಲ್ ಒತ್ತೂದು ವ್ಯಾಯಾಮ ಏನವಾ? ಹೊಲದಾಗ ಎತ್ತು ಹೂಡಿ ಕುಂಟಿ ಹೊಡದಾಂವ ನಾ.”

“ಹೊಡದೀರಿ, ಅದಕ್ಕ ಇಲ್ಲಿ ಬಂದೀರಿ,” ಅಂದಳು ಅವಳು. “ಮತ್ತ ನೆಲಕ್ಕ ಚಕ್ಕಂಬಕ್ಕಳ ಹಾಕಿ ಕುಂದ್ರಬ್ಯಾಡ್ರಿ. ಕುರ್ಚಿ ಮ್ಯಾಲೆ ಕುಂದರ್ರಿ.”

ದೊಡ್ಡಪ್ಪನ ಮುಖ ಇಳಿಯಿತು. ಮನೆಯಲ್ಲೇನೋ ಕುರ್ಚಿ ಆದೀತು. ಗುಡಿಯ ಪಡಸಾಲೆಯಲ್ಲಿ, ದೇವರ ಎದುರು, ಎಲ್ಲರೂ ನೆಲಕ್ಕೆ ಕೂತಾಗ ಒಬ್ಬರೇ ಎತ್ತರದಲ್ಲಿ ಕೂಡುವ ಪದ್ಧತಿ ನಮ್ಮಲ್ಲಿಲ್ಲ. ಅಂದರೆ ಪೇಟಿಯ ಮುಂದಿನ ಜಾಗ ಹೋದಂತೆಯೇ. ಅದನ್ನು ಹೇಳಲಿಲ್ಲ ಅವರು. ನನ್ನ ಕಡೆ ಕೈ ಮಾಡಿ, “ಇವನ ರೋಗ ಕೇಳ್ರಿ,” ಅಂದರು.

“ಏನಾಗೇತ್ರಿ ಇವರಿಗೆ?”

ದೊಡ್ಡಪ್ಪ ಗೋಡೆ ಹಿಡಿದು ಎದ್ದು ನಿಂತು ನನ್ನನ್ನು ಮಾಡಿ ತೋರಿಸಿದರು. ಒಂದು ಕೈ ಟೊಂಕದ ಮೇಲೆ, ಇನ್ನೊಂದು ಕೈಯಲ್ಲಿ ಹುಡುಗಿ ನೋಡುತ್ತಾಳೆಂದು ಕೂದಲು ತೀಡಿಕೊಳ್ಳುವುದು, ನಗಲು ಹೋಗಿ ‘ಹಾ’ ಅಂದು ಅರ್ಧಕ್ಕೇ ನಿಲ್ಲುವುದು. ಆ ಹುಡುಗಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ನಕ್ಕೆ, ಟೊಂಕ ಚಳಕ್ ಅಂತು, ಮತ್ತೆ ನಕ್ಕೆ. ಈ ಚಟ ನನಗೆ ಎಲ್ಲಿಂದ ಬಂತೆಂದು ಅವತ್ತು ಗೊತ್ತಾಯಿತು.

ಅಂದಿನಿಂದ ಮುಂಜಾನೆ ಇಬ್ಬರೂ ಒಂದೇ ಜಮಖಾನದ ಮೇಲೆ ಮಲಗಿ ಕಾಲು ಎತ್ತುವುದು, ಟವೆಲ್ ಒತ್ತುವುದು. ಆ ಹುಡುಗಿ ಹತ್ತು ಎಣಿಸಿರಿ ಅಂದಿದ್ದಳು. ದೊಡ್ಡಪ್ಪ ಎಣಿಸುವವರಲ್ಲ, ಭಜನೆಯ ಒಂದು ನುಡಿ ಗುನುಗಿ ಮುಗಿಯುವ ತನಕ ಒತ್ತಿ ಹಿಡಿಯುತ್ತಿದ್ದರು. ಅವರ ನುಡಿಗಳು ಉದ್ದ. “ದೊಡ್ಡಪ್ಪಾ, ಸಣ್ಣ ನುಡಿ ಹಿಡೀರಿ,” ಅಂತ ನಾನು ಬೇಡಿಕೊಳ್ಳುತ್ತಿದ್ದೆ. ದಿನ ಕಳೆದಂತೆ ಏಳುವುದು ಕುಳಿತುಕೊಳ್ಳುವುದು ಸ್ವಲ್ಪ ಹಗುರಾಯಿತು. ಆದರೆ ನೆಲಕ್ಕೆ ಮಾತ್ರ ಇಲ್ಲ. ಅದು ಇನ್ನು ಆಗದು ಅಂತ ಇಬ್ಬರಿಗೂ ತಿಳಿದಿತ್ತು.

ನಾನು ಒಂದು ಉಪಾಯ ಮಾಡಿದೆ. ಪ್ಲಾಸ್ಟಿಕ್ ಕುರ್ಚಿಯ ಕಾಲು ಕೊಯ್ದು ಗಿಡ್ಡ ಮಾಡಿದೆ. ಒಂದು ಕಾಲು ಜಾಸ್ತಿ ಕೊಯ್ದೆ, ಸಮ ಮಾಡಲು ಇನ್ನೊಂದು ಕೊಯ್ದೆ, ಅದನ್ನು ಸಮ ಮಾಡಲು ಮತ್ತೊಂದು. ಕೊನೆಗೆ ಅದು ಕುರ್ಚಿಯೂ ಅಲ್ಲ, ಮಣೆಯೂ ಅಲ್ಲ. ದೊಡ್ಡವ್ವ ಅದರ ಮೇಲೆ ಬೆಕ್ಕು ಮಲಗಿಸಿದಳು.

ದಾರಿ ಸಿಕ್ಕದ್ದು ನನ್ನ ಟೊಂಕದಿಂದ. ಪಡಸಾಲೆ ಹತ್ತಲು ಆಗದೆ ನಾನು ಒಂದು ಸೋಮವಾರ ಗುಡಿಯ ಅಂಗಳದಲ್ಲೇ ಕುರ್ಚಿ ಹಾಕಿಕೊಂಡು, ಪಡಸಾಲೆಯ ಅಂಚಿಗೆ ಮೊಳಕೈ ಊರಿ ಭಜನೆ ಕೇಳುತ್ತಿದ್ದೆ. ಪಡಸಾಲೆಯ ನೆಲ ನಾನು ಕೂತ ಕುರ್ಚಿಯ ಆಸನಕ್ಕಿಂತ ನಾಲ್ಕು ಬೆರಳು ಎತ್ತರ. ದೇವರು ಎದುರಿಗೇ. ಅಂಚಿಗೆ ಪೇಟಿ ಇಟ್ಟರೆ ಕೈಗೆ ಸರಿಯಾಗಿ ಸಿಗುತ್ತದೆ. ಓಡಿಹೋಗಿ ಹೇಳೋಣವೆಂದರೆ ಓಡಲು ಆಗಲಿಲ್ಲ. ಕುಂಟುತ್ತ ಹೋಗಿ ಹೇಳಿದೆ.

“ಮಂದಿ ಚಪ್ಪಲಿ ಬಿಡೂ ಜಾಗಾ ಅದು,” ಅಂದರು ದೊಡ್ಡಪ್ಪ.

“ಚಪ್ಪಲಿ ಬಾಜೂಕ ಸರಸಾಕ ಬರತೈತಿ. ನಿಮ್ಮ ಮೊಳಕಾಲು ಸರಸಾಕ ಬರೂದಿಲ್ಲ,” ಅಂದಳು ದೊಡ್ಡವ್ವ. ಅವಳೇ ಹೋಗಿ ಆ ಜಾಗ ಕಸ ಹೊಡೆದು, ನೀರು ಚಿಮುಕಿಸಿ, ಹಳೆಯ ಜಮಖಾನದ ತುಂಡು ಹಾಸಿ ಬಂದಳು. ನಾನು ಪೇಟಿಯ ಅರಿವೆ ತೆಗೆದೆ.

ಸೋಮವಾರ ದೊಡ್ಡಪ್ಪ ಅಂಗಳದಲ್ಲಿ ಕುರ್ಚಿಯ ಮೇಲೆ ಕೂತು, ಅಂಚಿನ ಮೇಲಿನ ಪೇಟಿಯ ಗಾಳಿ ಊದುವ ತಿದಿ ಬಿಚ್ಚಿದರು. ಬೆರಳು ಇನ್ನೂ ಸ್ವರದ ಮನೆಗಳ ಮೇಲೆ ಇಟ್ಟಿರಲಿಲ್ಲ, ಪಡಸಾಲೆಯಲ್ಲಿ ಕೂತಿದ್ದ ತಾಳದ ಹಿರಿಯರು ಕೈ ಎತ್ತಿದರು.

“ಇದ ಬರೋಬ್ಬರಿ ಅಲ್ಲ. ದೇವರ ಮುಂದ ಎಲ್ಲಾರಕಿಂತ ಎತ್ತರ ಕುರ್ಚಿ ಹಾಕ್ಕೊಂಡು ಕುಂದರೂದು ನಮ್ಮ ಗುಡಿಯಾಗ ಎಂದೂ ಆಗಿಲ್ಲ.”

ದೊಡ್ಡಪ್ಪನ ಕೈ ತಿದಿಯ ಮೇಲೇ ನಿಂತಿತು. ಅವರು ಎರಡೂ ಕೈಯನ್ನು ಕುರ್ಚಿಯ ಹಿಡಿಕೆಗೆ ತಂದರು. ಅವರು ಏಳುವುದು ಹೇಗೆ ಶುರುವಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎದ್ದರೆ ಮತ್ತೆ ಬರುವವರಲ್ಲ.

ಹೆಂಗಸರ ಸಾಲಿನಿಂದ ದೊಡ್ಡವ್ವ ಸೆರಗು ಸರಿಮಾಡಿಕೊಂಡು ಅಂದಳು:

“ನಮ್ಮವರು ಅಂಗಳದಾಗ ಕುಂತಾರ, ನೀವು ಪಡಸಾಲಿ ಮ್ಯಾಲೆ ಕುಂತೀರಿ. ಎತ್ತರ ಕುಂತದ್ದ ತಪ್ಪಾದ್ರ, ಮೊದಲ ನೀವ ಇಳದ ಬರ್ರಿ.”