ಕಪ್ಪು ಬಾವುಟದ ನಿಮಿಷ

ನನಗೆ ಈಜು ಬರುವುದಿಲ್ಲ. ಸಾರಕ್ಕಿ ಕೆರೆಯನ್ನೂ ಬೇಲಿಯ ಈಚೆಯಿಂದಲೇ ನೋಡಿ ವಾಕಿಂಗ್ ಮುಗಿಸುವವನು ನಾನು. ಅಂಥವನನ್ನು ಕಳೆದ ತಿಂಗಳು ಜಲಾಶಯವೊಂದರ ನಡುವೆ, ಲಂಗರು ಹಾಕಿದ ದೋಣಿಯಲ್ಲಿ ಕೂರಿಸಿ, ಹಾಯಿ ಪಂದ್ಯದ ಗೆರೆ ಕಾಯುವ ಕೆಲಸಕ್ಕೆ ಹಚ್ಚಿದರು. ತ್ಯಾಗರಾಜನಗರದ ಅಕ್ಕನ ಮಗಳು ಮೇಘನಾಳನ್ನು ಅಲ್ಲಿಗೆ ಕಾರಿನಲ್ಲಿ ಕರೆದೊಯ್ದಿದ್ದೆ, ಅಷ್ಟೆ. ಅವಳದು ವಿಂಡ್‌ಸರ್ಫಿಂಗ್: ಹಲಗೆಯ ಮೇಲೆ ಹಾಯಿ ಹಿಡಿದು ನಿಂತು ಗಾಳಿಗೆ ಓಡುವ ಆಟ. ಕೊನೆಯ ರೇಸಿನಲ್ಲಿ ಮೊದಲ ಐವರೊಳಗೆ ಬಂದರೆ ರಾಜ್ಯ ತಂಡಕ್ಕೆ ಸೇರುತ್ತಾಳೆ, ಇಲ್ಲವಾದರೆ ಇಲ್ಲ.

ದೋಣಿಯಲ್ಲಿ ಜನ ಸಾಲದೆ ರೇಸ್ ನಡೆಸುವ ಮೇಡಂ ನನ್ನ ಹತ್ತಿರ ಬಂದರು. “ಸಾರ್, ಕಣ್ಣು ಚೆನ್ನಾಗಿದ್ಯಾ?”

“ಈಗ ತಾನೇ ಪೊರೆ ತೆಗೆಸಿದೀನಿ.”

“ಹಾಗಾದ್ರೆ ನಮಗಿಂತ ಚೆನ್ನಾಗಿದೆ. ಹತ್ತಿ.”

ಓಟದ ಪಂದ್ಯದಲ್ಲಿ ಗೆರೆಯ ಹಿಂದೆ ಕಾಲೂರಿ ನಿಲ್ಲಬಹುದು. ನೀರಿನ ಮೇಲೆ ಹಾಗಿಲ್ಲ, ಹಾಯಿಗೆ ಬ್ರೇಕಿಲ್ಲ. ಗೆರೆಯೂ ಕಾಣುವುದಿಲ್ಲ. ನಮ್ಮ ದೋಣಿಯ ಕಂಬದಿಂದ ದೂರದಲ್ಲಿ ತೇಲುವ ಕಿತ್ತಳೆ ಚೆಂಡಿನವರೆಗೆ ಕಣ್ಣಿನಲ್ಲೇ ಎಳೆದುಕೊಳ್ಳಬೇಕು. ಅದರ ಹಿಂದೆ ಅಷ್ಟೂ ಹಲಗೆಗಳು ಒತ್ತೊತ್ತಾಗಿ ಸುಳಿದಾಡುತ್ತ, ಹೊರಡುವ ಹಾರ್ನ್ ಆಗುವ ಕ್ಷಣಕ್ಕೆ ಸರಿಯಾಗಿ ದಾಟಬೇಕು. ಸಿಗ್ನಲ್ಲಿನ ಕೆಂಪು ಅಂಕಿ ಮೂರಕ್ಕೆ ಇಳಿಯುವಷ್ಟರಲ್ಲಿ ಬನಶಂಕರಿಯಲ್ಲಿ ಗಾಡಿಗಳು ಏನು ಮಾಡುತ್ತವೆ ಎಂದು ಬಲ್ಲವರಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ.

ಇನ್ನೊಂದು ವಿಧಾನವೂ ಇದೆಯಂತೆ. ಒಂದೇ ಹಾಯಿ ಎಲ್ಲರ ಮುಂದೆ ಅಡ್ಡಲಾಗಿ ಹಾದುಹೋಗುತ್ತದೆ. ಉಳಿದವರು ಅದರ ಬೆನ್ನ ಹಿಂದಿನಿಂದ ಒಬ್ಬೊಬ್ಬರಾಗಿ ಹೊರಡುತ್ತಾರೆ. ಮುಂಚೆ ಹೊರಡುವ ಮಾತೇ ಇಲ್ಲ. ಜಯನಗರದಲ್ಲಿ ತರಕಾರಿ ಚೀಲ ಹಿಡಿದ ಆಂಟಿಯೊಬ್ಬರು ಕೈ ಚಾಚಿ ರಸ್ತೆಗಿಳಿದಾಗ ನಾವೆಲ್ಲ ಅವರ ಹಿಂದೆಯೇ ದಾಟುವುದಿಲ್ಲವೇ, ಹಾಗೆ.

“ಇಲ್ಲೂ ಅದನ್ನೇ ಮಾಡಬಾರದಾ?” ಎಂದೆ.

“ಆ ಆಂಟಿ ಯಾರಾಗ್ಬೇಕು ಅಂತಾನೇ ಜಗಳ ಆಗುತ್ತೆ ಸಾರ್,” ಎಂದರು ಮೇಡಂ.

ಆ ಕೊನೆಯ ರೇಸಿಗೆ ಎರಡು ಸಲ ಅರ್ಧ ಗುಂಪು ಮೊದಲೇ ದಾಟಿ, ಎಲ್ಲರನ್ನೂ ವಾಪಸ್ ಕರೆಯಬೇಕಾಯಿತು. ಮೂರನೆಯ ಸಲ ಕಪ್ಪು ಬಾವುಟ ಏರಿತು. ಅದು ಏರಿದ ಮೇಲೆ ಕೊನೆಯ ನಿಮಿಷದಲ್ಲಿ ಗೆರೆಯಾಚೆ ಕಂಡವರು ಆ ರೇಸಿನಿಂದಲೇ ಹೊರಗೆ. ಅವರನ್ನು ಕರೆಯುವುದೂ ಇಲ್ಲ, ಅವರಿಗೆ ಹೇಳುವುದೂ ಇಲ್ಲ. ರೇಸ್ ಪೂರ್ತಿ ಓಡಿ, ದಡಕ್ಕೆ ಬಂದು, ಫಲಿತಾಂಶದ ಬೋರ್ಡ್ ನೋಡಿ ತಿಳಿದುಕೊಳ್ಳಬೇಕು.

ಹಾರ್ನ್ ಆಗುವ ಒಂದು ಉಸಿರಿನಷ್ಟು ಮೊದಲು ಒಂದು ಹಲಗೆಯ ಮೂತಿ ನನ್ನ ಗೆರೆ ದಾಟಿತು. ಹಾಯಿಯ ಮೇಲಿನ ನಂಬರ್ ಓದಿದೆ. ಮತ್ತೊಮ್ಮೆ ಓದಿದೆ. ದುಡ್ಡು ಕೊಟ್ಟು ಮಾಡಿಸಿದ ಕಣ್ಣು ಸುಳ್ಳು ಹೇಳಲಿಲ್ಲ.

“ಯಾರಾದ್ರೂ ಇದಾರಾ ಸಾರ್?”

“ಒಬ್ಬಳು. ನಮ್ಮ ಹುಡುಗಿ.”

“ನಾನು ಕೇಳಿದ್ದು ನಂಬರ್.”

ಹೇಳಿದೆ. ಅವರು ಬರೆದುಕೊಂಡರು.

ನೋಡುವ ಕೆಲಸ ಅಲ್ಲಿಗೆ ಮುಗಿಯಿತು; ಆಮೇಲೆ ಕೂತಿರುವುದು ಕಷ್ಟವಾಯಿತು. ಅವಳು ಅಷ್ಟು ಚೆನ್ನಾಗಿ ಓಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಒಬ್ಬೊಬ್ಬರನ್ನೇ ಹಿಂದೆ ಹಾಕಿ ನಾಲ್ಕನೆಯವಳಾಗಿ ಮುಗಿಸಿದಳು. ದೋಣಿಯ ಪಕ್ಕ ಹಾಯುವಾಗ ಕೈ ಬೀಸಿದಳು. ನಾನೂ ಬೀಸಿದೆ.

ಬೋರ್ಡಿಗಿಂತ ಮೊದಲು ನಾನೇ ಹೇಳಬೇಕೆಂದು ದಡದಲ್ಲಿ ಕಾದು ನಿಂತೆ. ಅವಳು ಒದ್ದೆ ಕೂದಲು ಹಿಂಡುತ್ತ ಬಂದಳು.

“ನೋಡಿದ್ಯಾ ಮಾಮ, ನನ್ನ ಸ್ಟಾರ್ಟು?”

“ನೋಡಿದೆ. ನೀನು ಮುಂಚೇನೇ ಗೆರೆ ದಾಟಿದ್ದೆ ಕಣೇ. ನಂಬರ್ ಕೊಟ್ಟಿದ್ದು ನಾನೇ.”

ಅವಳು ಹಿಂಡುತ್ತಿದ್ದ ಕೂದಲನ್ನು ಹಿಂದಕ್ಕೆ ಎಸೆದಳು.

“ಎಷ್ಟು?”

ಎರಡು ಕೈಗಳ ನಡುವೆ ಒಂದು ಟಿಫನ್ ಡಬ್ಬಿಯಷ್ಟು ಜಾಗ ಬಿಟ್ಟು ತೋರಿಸಿದೆ.

“ಅಷ್ಟೇನಾ? ನಾನು ಇನ್ನೂ ಜಾಸ್ತಿ ಅಂದ್ಕೊಂಡಿದ್ದೆ.”

“ಗೊತ್ತಿದ್ದೂ ಹಂಗೆ ಓಡಿದ್ಯಾ?”

“ಇನ್ನೇನ್ ಮಾಡ್ಲಿ ಮಾಮ,” ಎಂದಳು ಮೇಘನಾ, “ಗಾಳಿ ಅಷ್ಟ್ ಚೆನ್ನಾಗಿತ್ತು.”