ಯಾರ ಎದುರು ಕೂತು ಉಣ್ಣಲಿ

ಅವ್ವ ನನ್ನ ಅನ್ನದಲ್ಲಿ ತುಪ್ಪ ಬೆರೆಸುತ್ತಿದ್ದಾಳೆ ಎಂಬ ಅನುಮಾನ ನನಗೆ ಬಂದದ್ದು ಉಣ್ಣುವಾಗಲ್ಲ, ತಟ್ಟೆ ತೊಳೆಯುವಾಗ. ಸಿರುಗುಪ್ಪದ ನಮ್ಮ ಮನೆಯ ಹಿತ್ತಲ ನಲ್ಲಿಯ ಕೆಳಗೆ ತಟ್ಟೆ ಹಿಡಿದರೆ ನೀರು ಅಂಟದೆ ಹನಿಹನಿಯಾಗಿ ಜಾರುತ್ತಿತ್ತು. ಉಂಡದ್ದು ಅನ್ನ, ಬೇಳೆ ಸಾರು, ಒಂದಿಷ್ಟು ಹೀರೇಕಾಯಿ ಪಲ್ಯ. ಅಷ್ಟು ಜಿಡ್ಡು ಎಲ್ಲಿಂದ ಬರಬೇಕು? ಬೆರಳನ್ನು ಮೂಗಿನ ಹತ್ತಿರ ಹಿಡಿದೆ. ತುಪ್ಪವೇ.

ಮರುದಿನ ಚಾರ್ಜರ್ ಹುಡುಕುವ ನೆಪದಲ್ಲಿ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತೆ. ಅವ್ವ ಡಬ್ಬಿಯಿಂದ ತುಪ್ಪ ತೆಗೆದು ಬಿಸಿ ಅನ್ನದ ನಡುವೆ ಹಾಕಿದಳು. ಕೈಯಿಂದ ಕಲಸಿ, ಒಮ್ಮೆ ಬಾಗಿಲ ಕಡೆ ನೋಡಿ, ಮೇಲೆ ಗೊತ್ತಾಗದಂತೆ ಒಣ ಅನ್ನ ಹರಡಿದಳು.

"ಏನ್ ಮಾಡಾಕತ್ತಿಯವ್ವಾ?"

ಬೆಚ್ಚಿಬಿದ್ದಳು. "ಏನಿಲ್ಲಪ. ಅನ್ನ ಮುದ್ದಿ ಆಗೇತಿ, ಬಿಡಸಾಕತ್ತೀನಿ."

"ತುಪ್ಪ ಹಾಕಿ ಬಿಡಸ್ತಾರೇನು?"

ಡಬ್ಬಿಯ ಮುಚ್ಚಳ ಒತ್ತಿ ಹಾಕಿ ಸಿಟ್ಟಿನಿಂದ ಅಂದಳು, "ಹಾಕಿದ್ರೇನಾತು? ವಿಷ ಹಾಕೀನೇನು?"

ಆಗ ನನ್ನ ತಲೆಯಲ್ಲಿ ಎರಡಕ್ಕೂ ಅಂಥ ವ್ಯತ್ಯಾಸವೇನೂ ಇರಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಯಾವುದನ್ನೂ ನಂಬಲಿಲ್ಲ. ಮಜ್ಜಿಗೆ ತುಸು ಗಟ್ಟಿಯಾಗಿ ಕಂಡರೆ ಕೆನೆ ಕಡೆದು ಹಾಕಿದ್ದಾಳೆ ಅನ್ನಿಸುತ್ತಿತ್ತು. ಚಹಾದ ಬಣ್ಣ ತಿಳಿಯಾಗಿದ್ದರೆ ಹಾಲು ಹೆಚ್ಚಾಗಿದೆ. ಅಪ್ಪ ಪಕ್ಕದಲ್ಲಿ ಬಂದು ಕೂತರೆ ತುತ್ತು ನೋಡಲು ಬಂದಿದ್ದಾನೆ. ಅಪ್ಪ ಅಕ್ಕಿ ಗಿರಣಿಯಲ್ಲಿ ಮೇಲ್ವಿಚಾರಕ. ನಮ್ಮ ಮನೆಯಲ್ಲಿ ಅಕ್ಕಿಗೆ ಎಂದೂ ಕೊರತೆಯಾದದ್ದಿಲ್ಲ. ಆ ಮನೆಯ ಮಗ ಅನ್ನ ಕಂಡು ಹೆದರುತ್ತಾನೆ ಎಂದರೆ ಯಾರಿಗೆ ಅರ್ಥವಾಗಬೇಕು?

ಶುರುವಾದದ್ದು ಅಪ್ಪನ ಸಕ್ಕರೆ ಕಾಯಿಲೆಯಿಂದ. ನಾನಾಗ ಬಳ್ಳಾರಿಯ ಪಿಯು ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದೆ, ಕೋಣೆ ಬಾಡಿಗೆ ಹಿಡಿದು ಒಬ್ಬನೇ ಇದ್ದೆ. ಮೈ ಸ್ವಲ್ಪ ದುಂಡಗೇ ಇತ್ತು. ಅಪ್ಪನಿಗೆ ಬಂದದ್ದು ನನಗೂ ಬಂದೀತೆಂದು ರಾತ್ರಿಯ ಅನ್ನ ಬಿಟ್ಟೆ. ಎಲ್ಲರೂ ಹೊಗಳಿದರು. ಸ್ಟಾಫ್ ರೂಮಿನಲ್ಲಿ ನನ್ನನ್ನು ತೋರಿಸಿ ಬೇರೆಯವರಿಗೆ ಬುದ್ಧಿ ಹೇಳಿದರು. ಆಮೇಲೆ ಒಂದೊಂದಾಗಿ ಬಿಡುತ್ತಾ ಹೋದೆ. ಒಂದು ಹಂತದ ಮೇಲೆ ನಿಲ್ಲಿಸಬೇಕೆಂದರೂ ನಿಲ್ಲಿಸಲಾಗಲಿಲ್ಲ. ಹೊಗಳಿದವರೇ ಈಗ ನನ್ನ ಬೆನ್ನ ಹಿಂದೆ ಪಿಸುಗುಟ್ಟುತ್ತಿದ್ದರು. ಕುಡಿಯುತ್ತಾನೆ ಎಂದು ಒಬ್ಬರು, ಹುಡುಗಿ ಕೈ ಕೊಟ್ಟಿದ್ದಾಳೆ ಎಂದು ಇನ್ನೊಬ್ಬರು. ನಮ್ಮ ಸೋದರತ್ತೆಗಂತೂ ಯಾರೋ ಮಾಟ ಮಾಡಿಸಿದ್ದಾರೆ ಎಂಬುದರಲ್ಲಿ ಸಂಶಯವೇ ಇರಲಿಲ್ಲ.

ಒಂದು ದಿನ ಪಾಠ ಮಾಡುತ್ತಲೇ ಬೋರ್ಡಿನ ಮುಂದೆ ಕುಸಿದುಬಿದ್ದೆ. ರಕ್ತ, ಎದೆ, ಹೊಟ್ಟೆ ಎಲ್ಲ ಪರೀಕ್ಷೆ ಮಾಡಿದ ಮೇಲೆ ಆಸ್ಪತ್ರೆಯ ವೈದ್ಯರು ನನ್ನನ್ನು ಮನೋವೈದ್ಯರ ಬಳಿ ಕಳಿಸಿದರು. ಅವರು ಇದು ಊಟಕ್ಕೆ ಸಂಬಂಧಿಸಿದ ಮನಸ್ಸಿನ ಕಾಯಿಲೆ, ಗಂಡಸರಿಗೂ ಬರುತ್ತದೆ, ವಾಸಿಯಾಗುತ್ತದೆ ಎಂದರು. ಆಹಾರದ ಬಗ್ಗೆ ಹೇಳಿಕೊಡಲು ಅದೇ ಕಟ್ಟಡದಲ್ಲಿ ಒಬ್ಬರು ಮೇಡಂ ಇದ್ದರು. ನನ್ನ ವಯಸ್ಸಿನವರೇ. ಹೊತ್ತು ಹೊತ್ತಿಗೆ ಉಣ್ಣಬೇಕು, ನಡುವೆಯೂ ಏನಾದರೂ ತಿನ್ನಬೇಕು, ಒಬ್ಬನೇ ಕೂತು ಉಣ್ಣಬಾರದು ಎಂದರು. ತೂಕ ನೋಡುವಾಗ ಅಂಕಿಗೆ ಬೆನ್ನು ಮಾಡಿ ನಿಲ್ಲಲು ಹೇಳಿದರು. ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಅಂಕಿ ಕಂಡರೆ ನಾನು ಅದಕ್ಕೇ ಜೋತುಬೀಳುತ್ತೇನೆ, ಅದಕ್ಕೆ ಹೀಗೆ ಎಂದು ಅವರು ಬಿಡಿಸಿ ಹೇಳಿದರು. ನಾನು ತಲೆಯಾಡಿಸಿದೆನೇ ಹೊರತು ನಂಬಲಿಲ್ಲ.

ರಜೆ ಹಾಕಿ ಸಿರುಗುಪ್ಪಕ್ಕೆ ಬಂದದ್ದು ಅವರ ಮಾತಿನ ಮೇಲೆಯೇ. ತುಪ್ಪದ ಜಗಳವಾದ ಮೇಲೆ ಅಲ್ಲಿ ಇರಲಾಗಲಿಲ್ಲ. ಕುರುಗೋಡಿನಲ್ಲಿದ್ದ ಅಕ್ಕ, "ಇಲ್ಲಿಗೆ ಬಾ, ಯಾರೂ ನಿನ್ನ ಒತ್ತಾಯ ಮಾಡಂಗಿಲ್ಲ" ಎಂದು ಕರೆದಳು. ಆ ಕರೆಯ ಹಿಂದೆಯೂ ಅವ್ವ ಇದ್ದಾಳೆ ಎಂದು ಅನ್ನಿಸಿತು. ಆದರೂ ಹೋದೆ.

ಭಾವನಿಗೆ ಕುರುಗೋಡಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಗ್ರೀಸಿನ ಕಮಟು, ಗೋಡೆ ತುಂಬಾ ನೇತುಹಾಕಿದ ಫ್ಯಾನ್ ಬೆಲ್ಟು, ಸದಾ ಬಾಗಿಲಲ್ಲಿ ಒಬ್ಬಿಬ್ಬರು ರೈತರು. ಹೋದ ಮರುದಿನವೇ ಭಾವ, "ಮನ್ಯಾಗ್ ಕುಂತ್ ಏನ್ ಮಾಡ್ತಿ, ಅಂಗಡಿಗಿ ಬಾ" ಎಂದ. ನಡುಹೊತ್ತಿನಲ್ಲಿ ಎದುರಿನ ಗಾಡಿಯಿಂದ ಮಂಡಕ್ಕಿ ವಗ್ಗಾಣಿ, ಮಿರ್ಚಿ ಬಜ್ಜಿ ತರಿಸಿ, ಒಂದು ಪೊಟ್ಟಣ ನನ್ನ ಮುಂದಿಟ್ಟು, ತನ್ನದನ್ನು ಬಿಚ್ಚಿ ತಿನ್ನತೊಡಗಿದ. ತಿನ್ನು ಅನ್ನಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಯಾವುದೋ ಬೇರಿಂಗ್ ಸಿಗದೆ ತಾನು ಪಟ್ಟ ಪಾಡನ್ನು ಹೇಳುತ್ತಿದ್ದ.

ಮನೆಯಲ್ಲಿ ಬೆಳಿಗ್ಗೆ ಹೊಟ್ಟೆ ತುಂಬ ರೊಟ್ಟಿ ತಿಂದ ಮನುಷ್ಯ ಮತ್ತೆ ಯಾಕೆ ತಿನ್ನುತ್ತಾನೆ? ನನ್ನ ಕಡೆ ನೋಡದಿರುವುದೂ ಹೇಳಿಕೊಟ್ಟ ಪಾಠವೇ ಇರಬೇಕು. ಹಾಗೆಂದುಕೊಳ್ಳುತ್ತಲೇ ನಾಲ್ಕು ತುತ್ತು ತಿಂದೆ. ಮಂಡಕ್ಕಿ ಹಗುರ, ಅದರಿಂದ ಏನೂ ಆಗುವುದಿಲ್ಲ ಎಂದು ಒಳಗೊಳಗೇ ವಾದ ಮಾಡಿಕೊಂಡೆ. ಬಜ್ಜಿ ಮುಟ್ಟಲಿಲ್ಲ.

ಬಾದನಹಟ್ಟಿಯ ರೈತನೊಬ್ಬ ಅಂಗಡಿಗೆ ಬಂದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಾನು ಕೇಳುವಂತೆಯೇ ಭಾವನಿಗೆ ಅಂದ, "ನಿಮ್ ಬಾಮೈದಗ ಏನಾಗೇತ್ರಿ? ಟೀಬಿ ಏನರ..."

"ಉಣ್ಣಾಕ ಬರವಲ್ದು ಅವಗ. ಕಲಿಯಾಕತ್ಯಾನ" ಎಂದ ಭಾವ, ನಟ್ಟು ಬೋಲ್ಟು ಅಳೆಯುತ್ತಲೇ.

"ಉಣ್ಣಾದೂ ಕಲಿಯಾದೇನ್ರಿ?"

"ಹೋದ್ ವರ್ಷ ಕಾಲ್ ಮುರ್ಕೊಂಡಾಗ ನೀ ನಡಿಯಾದು ಮತ್ತ ಕಲೀಲಿಲ್ಲೇನು? ಹಂಗ."

ರೈತ ತನ್ನ ಕಾಲು ನೋಡಿಕೊಂಡ. ನನಗೆ ನಾಚಿಕೆಯಾಯಿತು. ಜೊತೆಗೆ ಎಲ್ಲೋ ಒಂದು ಕಡೆ ಹಗುರವೂ ಆಯಿತು. ನನ್ನ ವಿಷಯವನ್ನು ಅಲ್ಲಿಯ ತನಕ ಯಾರೂ ಅಷ್ಟು ಸಲೀಸಾಗಿ, ನನ್ನ ಎದುರೇ ಹೇಳಿರಲಿಲ್ಲ.

ಆ ಹಗುರ ಹೆಚ್ಚು ದಿನ ಉಳಿಯಲಿಲ್ಲ. ಒಂದು ದಿನ ಪೊಟ್ಟಣ ಮಡಚಿ ಎಸೆಯಲು ಅಂಗಡಿಯ ಹಿಂದಕ್ಕೆ ಹೋದೆ. ಆಯಿಲ್ ಡ್ರಮ್ಮುಗಳ ಆಚೆ ಭಾವ ಫೋನಿನಲ್ಲಿದ್ದ. "ಹ್ಞೂಂ ಅತ್ತಿ, ತಿಂದ. ಅರ್ಧ ಬಿಟ್ಟ. ಬಜ್ಜಿ ಇವತ್ತೂ ಮುಟ್ಲಿಲ್ಲ."

ಅನುಮಾನ ನಿಜವಾದರೆ ಒಂದು ಬಗೆಯ ಸಮಾಧಾನವೂ ಆಗುತ್ತದೆ ಎಂದು ಆಗ ತಿಳಿಯಿತು. ನೋಡು, ನಾನು ಹೇಳಿರಲಿಲ್ಲವೇ ಎಂದು ನನಗೆ ನಾನೇ ಹೇಳಿಕೊಂಡು ನೆಟ್ಟಗೆ ಬಸ್ ನಿಲ್ದಾಣಕ್ಕೆ ನಡೆದೆ. ಬಳ್ಳಾರಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡುಬಿಟ್ಟರೆ ಯಾರ ಕಣ್ಣೂ ಇರುವುದಿಲ್ಲ. ಬೆಂಚಿನ ಮೇಲೆ ಕೂತಿದ್ದಾಗ ಭಾವ ಬೈಕಿನಲ್ಲಿ ಬಂದ. ಗ್ರೀಸಿನ ಕೈಯನ್ನು ಅರಿವೆಗೆ ಒರೆಸುತ್ತಾ ಪಕ್ಕದಲ್ಲಿ ಕೂತ.

"ಎಲ್ಲಿಗಿ ಹೊಂಟೀಲೇ?"

"ನನ್ನ ಕಾಯಾಕ ಇಟ್ಟಾರೇನ್ರಿ ನಿಮ್ಮನ್ನ?"

"ಹೌದು" ಎಂದ. ಸುತ್ತಿ ಬಳಸಲಿಲ್ಲ. "ನಿಮ್ಮವ್ವ ದಿನಾ ಫೋನ್ ಮಾಡಿ ಅಳ್ತಾಳ. ನಾ ಏನ್ ಹೇಳ್ಲಿ? ಸುಳ್ಳು ಹೇಳಿದ್ರ ಆಕಿಗೆ ಮೋಸ. ಖರೇ ಹೇಳಿದ್ರ ನಿನಗ ಮೋಸ. ನೀನ ಹೇಳು, ಏನಂತ ಹೇಳ್ಬೇಕು?"

ನನ್ನ ಬಗ್ಗೆ ಏನು ಹೇಳಬಹುದು ಎಂದು ನನ್ನನ್ನೇ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಬಳ್ಳಾರಿಯ ಬಸ್ಸು ಬಂದು ನಿಂತಿತು. ಕಂಡಕ್ಟರ್ ಕೂಗುತ್ತಿದ್ದ.

"ಎಷ್ಟು ಉಂಡೆ, ಏನ್ ಬಿಟ್ಟೆ ಅಂತ ಹೇಳಬ್ಯಾಡ್ರಿ" ಎಂದೆ. "ಅರಾಮ ಅದಾನ ಅಂತ ಹೇಳ್ರಿ ಸಾಕು."

"ಅರಾಮ ಇಲ್ಲಲ್ಲಲೇ ನೀನು."

"ಹಂಗಾರ ಡಾಕ್ಟರ್ ಹೇಳಿದಂಗ ನಡದೈತಿ ಅಂತ ಹೇಳ್ರಿ."

"ನಡದೈತೇನು?"

"ನಡಸ್ತೀನಿ" ಎಂದೆ. ಬಸ್ಸು ಹೊರಟುಹೋಯಿತು.

ಅಂದಿನಿಂದ ಭಾವ ಅವ್ವನಿಗೆ ಫೋನ್ ಮಾಡುವುದು ನನ್ನ ಎದುರೇ, ಸ್ಪೀಕರ್ ಹಾಕಿ. ಆದರೂ ನನ್ನ ಗುಣ ಎಲ್ಲಿ ಹೋದೀತು? ಅವನು ಗಿರಾಕಿಗೆ ಸಾಮಾನು ತೆಗೆಯಲು ಅಟ್ಟ ಹತ್ತಿದಾಗ ಅವನ ಮೊಬೈಲ್ ತೆಗೆದು ಬೇರೆ ಕರೆಗಳೇನಾದರೂ ಹೋಗಿವೆಯೇ ಎಂದು ನೋಡುತ್ತಿದ್ದೆ. ಕದ್ದು ಮಾಡಿದ ಕರೆ ಸಿಗಲೇ ಇಲ್ಲ. ಒಂದು ಸಲ ಅಟ್ಟದ ಮೇಲಿನಿಂದಲೇ, "ಸಿಕ್ತೇನು?" ಎಂದು ಕೇಳಿದ. ಮೊಬೈಲನ್ನು ಇದ್ದಲ್ಲೇ ಇಟ್ಟೆ. ಕೆಳಗಿಳಿದು ಬಂದವನು ಗಿರಾಕಿಗೆ ಸಾಮಾನು ಕಟ್ಟಿಕೊಟ್ಟ.

ಹೀಗೆ ತಿನ್ನುವುದು ನಿಧಾನವಾಗಿ ಹೆಚ್ಚಿತು. ಸರಾಗವಾಗಿ ಅಲ್ಲ. ತಿಂದ ಮೇಲೆ ಎದೆಯಲ್ಲಿ ಏಳುವ ಗಾಬರಿಗೆ ಅಂಗಡಿಯ ಮುಂದೆ ಅತ್ತಿಂದಿತ್ತ ತಿರುಗಾಡಬೇಕೆನಿಸುತ್ತಿತ್ತು. ಆಗ ಭಾವ ಬೋಲ್ಟಿನ ಡಬ್ಬಿ ಮುಂದಿಟ್ಟು ಅಳತೆ ಪ್ರಕಾರ ಬೇರ್ಪಡಿಸಲು ಹೇಳುತ್ತಿದ್ದ. ಕೂತು ಬೇರ್ಪಡಿಸುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಗಾಬರಿ ತಾನಾಗಿ ಇಳಿಯುತ್ತಿತ್ತು. ಏನನ್ನೂ ಮುಟ್ಟದ ದಿನಗಳೂ ಇದ್ದವು. ಅಂಥ ದಿನ ಭಾವ ತನ್ನ ಪೊಟ್ಟಣವನ್ನು ಬಿಚ್ಚದೆ ಕಾಯುತ್ತಿದ್ದ. ಇದು ಬಲವಂತವಲ್ಲವೇ ಎಂದು ಜಗಳ ತೆಗೆದೆ. "ನಿನಗ ಬಲವಂತ ಅನಸ್ತಂದ್ರ ನಾ ತಿಂತೀನಿ ಬಿಡು" ಎಂದು ಬಿಚ್ಚಿ ತಿಂದ. ಮುಂದೆ ಎಂದೂ ಹಾಗೆ ಕಾಯಲಿಲ್ಲ.

ಆಮೇಲೆ ಹಸಿವು ಬಂತು. ಇಷ್ಟು ಕಾಲ ಇಲ್ಲದ್ದು ಹೊತ್ತಲ್ಲದ ಹೊತ್ತಿನಲ್ಲಿ ಬಂದು, ಉಂಡು ಕೈ ತೊಳೆದ ಮೇಲೂ ಇರುತ್ತಿತ್ತು. ಅಕ್ಕನ ಮನೆಯ ಅಡುಗೆಯಲ್ಲಿ ಏನೋ ಔಷಧ ಬೆರೆಸಿದ್ದಾರೆ ಎಂದೇ ನಾನು ತಿಳಿದೆ. ಬಳ್ಳಾರಿಗೆ ಹೋದಾಗ ಮೇಡಂಗೆ ಹಾಗೆಯೇ ಹೇಳಿದೆ. ಅವರು ನಗಲಿಲ್ಲ. "ಯಾರೂ ಏನೂ ಬೆರೆಸಿಲ್ಲ. ದೇಹ ಇಷ್ಟು ದಿನ ಕೇಳೋದು ಬಿಟ್ಟಿತ್ತು. ಈಗ ಕೊಡ್ತಾರೆ ಅಂತ ಗೊತ್ತಾಗಿ ಕೇಳ್ತಾ ಐತೆ. ಕೇಳಿದಾಗ ಕೊಡಿ" ಎಂದರು. ಮುಂದಿನ ಸಲ ಅವ್ವನನ್ನೂ ಕರೆದುಕೊಂಡು ಬನ್ನಿ ಎಂದರು.

ಅವ್ವ ಇಳಕಲ್ ಸೀರೆ ಉಟ್ಟು, ಯಾರದೋ ಮದುವೆಗೆ ಬಂದವಳಂತೆ ಕುರ್ಚಿಯ ತುದಿಯಲ್ಲಿ ಕೂತಳು. ಕೂತವಳೇ ಕೇಳಿದಳು, "ಮೇಡಮ್ಮಾರ, ನಾ ತುಪ್ಪ ಹಾಕಿದ್ದು ತಪ್ಪೇನ್ರಿ?"

"ತುಪ್ಪ ತಪ್ಪಲ್ಲಮ್ಮಾ. ಹೇಳದೆ ಹಾಕಿದ್ದು ತೊಂದರೆ ಮಾಡಿತು. ಅವರಿಗೆ ಅನ್ನದ ಭಯ ಮೊದಲೇ ಇತ್ತು. ಅದರ ಮೇಲೆ ನಿಮ್ಮ ಕೈಯಿಂದ ಉಣ್ಣೋಕೂ ಭಯ ಆಯ್ತು."

ಅವ್ವ ನನ್ನ ಕಡೆ ತಿರುಗಿದಳು. "ನೀ ರೊಟ್ಟಿ ಅಂಗಿ ಕಿಸೇದಾಗ ಇಟ್ಕೊಂಡು ಹಿತ್ತಲಿಗಿ ಹೋಗ್ತಿದ್ದಿ. ನಾ ನೋಡೀನಿ. ಕೇಳಿದ್ರ ಉಣ್ಣಾ ಅಷ್ಟನ್ನೂ ಬಿಡ್ತೀ ಅಂತ ಅಂಜಿ ಕೇಳ್ಲಿಲ್ಲ. ಕಣ್ಮುಂದ ಕರಗಿ ಹೊಂಟಿದ್ದಿ. ನಾ ಏನ್ ಮಾಡ್ಬೇಕಿತ್ತು ಹೇಳು."

ಅವಳು ಅದನ್ನು ನೋಡಿದ್ದಾಳೆ ಎಂಬ ಅನುಮಾನ ಮಾತ್ರ ನನಗೆ ಎಂದೂ ಬಂದಿರಲಿಲ್ಲ. ಆ ಕೋಣೆಯಲ್ಲಿ ಕೂತು ಒಂದು ಒಪ್ಪಂದ ಮಾಡಿಕೊಂಡೆವು. ಅವಳು ಏನೇ ಹಾಕಿದರೂ ಹೇಳಿ ಹಾಕಬೇಕು, ನಾನು ಉಣ್ಣಲಾಗದಿದ್ದರೆ ಬಚ್ಚಿಡದೆ ತಟ್ಟೆಯಲ್ಲೇ ಬಿಡಬೇಕು.

ಸಿರುಗುಪ್ಪಕ್ಕೆ ಹೋದ ದಿನ ಅವ್ವ ಅನ್ನ ಬಡಿಸಿ, ತುಪ್ಪದ ಗಿಂಡಿಯನ್ನು ತಟ್ಟೆಯ ಪಕ್ಕದಲ್ಲಿಟ್ಟಳು. "ಹಾಕ್ಕೋ, ಇಲ್ಲಂದ್ರ ಬಿಡು. ನಿನಗ ಬಿಟ್ಟಿದ್ದು." ನಾನು ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. ಕೊನೆಗೆ ಅವಳಿಗೇ ಹಾಕಲು ಹೇಳಿದೆ. ಅವಸರದಲ್ಲಿ ಒಂದಿಷ್ಟು ನೆಲದ ಮೇಲೆ ಚೆಲ್ಲಿದಳು. ಉಂಡೆ. ರುಚಿಯಾಗಿತ್ತೇ ಎಂದರೆ ಗೊತ್ತಿಲ್ಲ. ಅವಳು ನನ್ನ ತಟ್ಟೆ ನೋಡದಿರಲು ಪಡುತ್ತಿದ್ದ ಕಷ್ಟವನ್ನೇ ನಾನು ನೋಡುತ್ತಿದ್ದೆ.

ಈಗ ಮತ್ತೆ ಕಾಲೇಜಿಗೆ ಹೋಗುತ್ತೇನೆ. ಮಧ್ಯಾಹ್ನ ರಸಾಯನಶಾಸ್ತ್ರ ಕಲಿಸುವ ಹಿರಿಯ ಮೇಡಂ ಜೊತೆ ಉಣ್ಣುತ್ತೇನೆ. ಅವರಿಗೆ ಎಲ್ಲ ಹೇಳಿದ್ದೇನೆ. ಅವರ ರಂಜಾನ್ ಉಪವಾಸದ ತಿಂಗಳು ಬಂದಾಗ, ಇನ್ನು ಒಬ್ಬನೇ ಎಂದುಕೊಂಡಿದ್ದೆ. ಅವರು ಏನೂ ತಿನ್ನದೆ, ಉತ್ತರಪತ್ರಿಕೆ ತಿದ್ದುತ್ತಾ ಎದುರಿಗೆ ಕೂತಿರುತ್ತಿದ್ದರು. ಹಸಿದವರ ಮುಂದೆ ಹೇಗೆ ಉಣ್ಣಲಿ ಎಂದರೆ, "ನನ್ನ ಉಪವಾಸ ನಂದು, ನಿಮ್ಮ ಊಟ ನಿಮ್ಮದು. ಉಣ್ರಿ ಸರ್" ಎಂದರು.

ಹೋದ ತಿಂಗಳು ಹಚ್ಚೊಳ್ಳಿಯಲ್ಲಿ ಬಳಗದವರ ಮದುವೆ ಇತ್ತು. ಪಂಕ್ತಿಯಲ್ಲಿ ಕೂತಿದ್ದಾಗ ಯಾರೋ ಹಿಂದಿನಿಂದ, "ಈಗ ಮೈ ಹಿಡಿದ್ಯಲ್ಲೋ, ಚಲೋ ಆತು" ಎಂದರು. ಒಳ್ಳೆಯ ಮಾತೇ. ಆದರೆ ಕೈ ನಿಂತುಬಿಟ್ಟಿತು. ಹೋಳಿಗೆ, ಅನ್ನ ಎಲ್ಲ ಎಲೆಯಲ್ಲೇ ಉಳಿದವು. ಸಂಜೆ ಬಳ್ಳಾರಿಯ ಕೋಣೆಗೆ ಬಂದು ಭಾವನಿಗೆ ಫೋನ್ ಮಾಡಿದೆ.

"ಇವತ್ತು ಉಣ್ಣಾಕ ಆಗ್ಲಿಲ್ರಿ ಭಾವ" ಎಂದೆ. ಯಾರೂ ಕೇಳದೆ ನಾನಾಗಿ ಹಾಗೆ ಹೇಳಿದ್ದು ಅದೇ ಮೊದಲು.

"ಈಗ ಮನ್ಯಾಗ್ ಏನೈತಿ?"

"ಅನ್ನ ಐತ್ರಿ. ಮೊಸರು ಐತಿ."

"ಕಲಸ್ಕೋ. ನಾನೂ ಈಗ ಉಣ್ಣಾಕ ಕುಂತೀನಿ. ಫೋನ್ ಇಡಬ್ಯಾಡ."

ನಿಜವಾಗಿಯೂ ಊಟಕ್ಕೆ ಕೂತಿದ್ದನೋ, ನನಗಾಗಿ ಹಾಗೆ ಹೇಳಿದನೋ ಎಂದು ಒಂದು ಗಳಿಗೆ ಯೋಚನೆ ಬಂತು. ಆಚೆಯಿಂದ ತಟ್ಟೆ ಇಡುವ ಸದ್ದು, ಅಕ್ಕ ಏನೋ ಗೊಣಗಿದ್ದು ಕೇಳಿಸಿತು. ಅನ್ನಕ್ಕೆ ಮೊಸರು ಹಾಕಿ, ಉಪ್ಪು ಉದುರಿಸಿ, ಕಲಸತೊಡಗಿದೆ.